ತಂಗಿಯ ಕಿವಿ ರೇಡಿಯೋ

ನನ್ನ ತಂಗಿ ಆ ಎಂಪಿತ್ರಿ ಪ್ಲೇಯರನ್ನು ಇಟ್ಟುಕೊಂಡಿದ್ದು ಹಾಡಿನ ಆಸೆಗಲ್ಲ. ಬೇರೆ ಯಾವ ಸದ್ದೂ ಕಿವಿಗೆ ಬೀಳಬಾರದು ಎಂದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಅವಳು ಹೋದ ಮೇಲೆ ಊರಿನವರೆಲ್ಲ "ಪಾಪ, ಆಡು ಅಂದ್ರೆ ಪ್ರಾಣ ಬುಡ್ತಿತ್ತು ಆ ಉಡ್ಗಿ" ಎಂದು ಹೇಳಿಕೊಂಡು ತಿರುಗಿದರು. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಆರೋಗ್ಯವಾಗಿದ್ದಾಗ ರೇಡಿಯೋ ಹಾಕಿದರೆ "ಆರ್ಸು ಅತ್ಲಗೆ, ತಲೆನೋವು" ಎನ್ನುತ್ತಿದ್ದವಳು ಅವಳು.

ಎರಡು ಸಾವಿರದ ಐದೋ ಆರೋ ಇರಬೇಕು. ನಮ್ಮೂರು ಹನಗೋಡಿನಿಂದ ಸ್ವಲ್ಪ ಆಚೆಗೆ. ನಾನು ಹುಣಸೂರಿನಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮದುವೆ ಕಾರ್ಡು, ತಿಥಿ ಕಾರ್ಡು, ಜಮೀನಿನ ಅರ್ಜಿ, ಎಲ್ಲವನ್ನೂ ಒಂದೇ ಮುಖ ಇಟ್ಟುಕೊಂಡು ಟೈಪ್ ಮಾಡುವ ಕೆಲಸ. ಆ ಪ್ಲೇಯರು ಮೈಸೂರಿನ ಒಂದು ಅಂಗಡಿಯಲ್ಲಿ ಕೊಂಡಿದ್ದು. ನೀಲಿ ಬಣ್ಣ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದ, ಯಾವ ಕಂಪನಿಯದು ಎಂದು ಬರೆದೂ ಇರಲಿಲ್ಲ. ಒಂದು ತುದಿಯ ಮುಚ್ಚಳ ತೆಗೆದರೆ ಕಂಪ್ಯೂಟರಿಗೆ ಚುಚ್ಚುವ ಮೂತಿ. ಹೊಟ್ಟೆಯಲ್ಲಿ ಟೀವಿ ರಿಮೋಟಿಗೆ ಹಾಕುವಂಥ ಒಂದು ಸಣ್ಣ ಸೆಲ್ಲು. ಐವತ್ತು ಅರವತ್ತು ಹಾಡು ಹಿಡಿಯುತ್ತಿತ್ತು. ಅಂಗಡಿಯ ಯಜಮಾನರು ಊಟಕ್ಕೆ ಹೋದಾಗ ನಾನು ಸಿ.ಡಿ.ಯಿಂದ ಹಾಡು ತುಂಬಿಸುತ್ತಿದ್ದೆ. ಯಾವ ಹಾಡು ಬೇಕು ಎಂದು ಕೇಳಿದರೆ ತಂಗಿ "ಯಾವ್ದಾದ್ರೂ ಆಕು, ಜೋರಾಗಿರ್ಬೇಕು ಅಷ್ಟೇಯ" ಎನ್ನುತ್ತಿದ್ದಳು. ತಮಟೆ, ಡ್ರಮ್ಮು ತುಂಬಿದ ಕುಣಿತದ ಹಾಡುಗಳೇ ಅವಳಿಗೆ ಬೇಕಾಗಿದ್ದವು. ಅವ್ವ ಅದಕ್ಕೆ ಕಿವಿ ರೇಡಿಯೋ ಎಂದು ಹೆಸರಿಟ್ಟಳು.

ತಂಗಿಗೆ ಎರಡೂ ಕಿಡ್ನಿ ಕೆಟ್ಟಿದ್ದವು. ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಮೊದಲು ಮುಖ ಊದಿಕೊಂಡಿತು, ಆಮೇಲೆ ಕಾಲು. ಊರಿನ ಹೆಂಗಸರು ನೋಡಿ "ಮೈ ಕೈ ತುಂಬ್ಕಂಡು ಲಕ್ಷಣವಾಗವ್ಳೆ, ಈಗ ಮದ್ವೆಗೆ ಸರ್ಯಾಗವ್ಳೆ ಬುಡು" ಎಂದರು. ಹಾಗೆ ಹೊಗಳಿಸಿಕೊಳ್ಳುತ್ತಲೇ ಎರಡು ತಿಂಗಳು ಹೋಯಿತು. ಉಸಿರು ಕಟ್ಟಿದ ದಿನ ಮೈಸೂರಿಗೆ ಕರೆದುಕೊಂಡು ಹೋದೆವು. ಡಾಕ್ಟರು ರಿಪೋರ್ಟನ್ನು ಎರಡು ಸಲ ನೋಡಿದರು, ನಮ್ಮ ಮುಖವನ್ನು ಒಂದು ಸಲವೂ ನೋಡಲಿಲ್ಲ. ಅವ್ವ ತನ್ನದೊಂದು ಕಿಡ್ನಿ ಕೊಡುತ್ತೇನೆ ಎಂದಳು. ಸಕ್ಕರೆ ಕಾಯಿಲೆ ಇದೆ, ಆಗುವುದಿಲ್ಲ ಎಂದರು. ನನ್ನ ರಕ್ತ ಹೊಂದಲಿಲ್ಲ. ಅಪ್ಪ ಎಂದೋ ತೀರಿಹೋಗಿದ್ದ. ಉಳಿದದ್ದು ಡಯಾಲಿಸಿಸ್ ಒಂದೇ, ವಾರಕ್ಕೆ ಎರಡು ಸಲ.

ಬೆಳಗಿನ ಮೊದಲ ಬಸ್ಸಿಗೆ ಹುಣಸೂರು, ಅಲ್ಲಿಂದ ಮೈಸೂರು. ಬಿಳಿಕೆರೆ ದಾಟುವಷ್ಟರಲ್ಲಿ ಅವಳು ವಾಂತಿ ಮಾಡಿಕೊಳ್ಳುತ್ತಿದ್ದಳು, ಹಾಗಾಗಿ ಕಿಟಕಿ ಸೀಟು ಬೇಕೇ ಬೇಕು. ಹೆಚ್ಚಾಗಿ ಅವ್ವನೇ ಜೊತೆಗೆ ಹೋಗುತ್ತಿದ್ದಳು, ನಾನು ರಜೆ ಸಿಕ್ಕಾಗ. ತಂಗಿ ಆ ಮೆಷೀನಿಗೆ ಅತ್ತೆ ಎನ್ನುತ್ತಿದ್ದಳು. "ಬೇಗ ಒಂಡವ್ವ, ಅತ್ತೆ ಮನೇಲಿ ಕಾಯ್ತಾ ಅವ್ರೆ, ರಕ್ತ ಈರ್ಬೇಕಲ್ಲ" ಎಂದು ತಲೆ ಬಾಚಿಕೊಳ್ಳುತ್ತಿದ್ದಳು. ಅವ್ವ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಆ ವಾರ್ಡಿನಲ್ಲಿ ನಾಲ್ಕು ಗಂಟೆ ಮಲಗಿರಬೇಕು. ಎಡಗೈಗೆ ಎರಡು ದಪ್ಪ ಸೂಜಿ, ಅಲ್ಲಾಡಿಸುವಂತಿಲ್ಲ. ಸುತ್ತ ಮಲಗಿದವರ ಮೆಷೀನುಗಳು ಆಗಾಗ ಕಿರುಚಿಕೊಳ್ಳುತ್ತಿದ್ದವು. ಕಿರುಚಿದಾಗ ನರ್ಸು ನಡೆದು ಬಂದರೆ ಏನೂ ಇಲ್ಲ, ಓಡಿ ಬಂದರೆ ಎಲ್ಲರೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಂದು ದಿನ ಪಕ್ಕದ ಹಾಸಿಗೆಯ ಎಚ್.ಡಿ. ಕೋಟೆ ಕಡೆಯ ಗಂಡಸು ಹಾಗೆಯೇ ಹೋದ. ಪರದೆ ಎಳೆದರು. ಪರದೆಗೆ ಸದ್ದು ನಿಲ್ಲುತ್ತದೆಯೇ? ಅವನ ಹೆಂಡತಿಯ ಕೂಗನ್ನು ತಂಗಿ ಸೂಜಿಯ ಕೈ ಚಾಚಿಕೊಂಡು ಮಲಗಿಯೇ ಪೂರ್ತಿ ಕೇಳಿಸಿಕೊಂಡಳು. ಖಾಲಿ ಇದ್ದದ್ದು ಒಂದೇ ಕೈ, ಅದರಲ್ಲಿ ಒಂದೇ ಕಿವಿ ಮುಚ್ಚಿಕೊಳ್ಳಲು ಸಾಧ್ಯ. ಮಾರನೆಯ ವಾರವೇ ನಾನು ಪ್ಲೇಯರು ಕೊಂಡೆ.

ಇನ್ನೊಂದು ಸದ್ದೂ ಇತ್ತು, ಅದು ಅವಳಿಗೆ ಮಾತ್ರ. ಸೂಜಿ ಚುಚ್ಚಲು ಅನುಕೂಲವಾಗಲಿ ಎಂದು ಮಣಿಕಟ್ಟಿನಲ್ಲಿ ಆಪರೇಷನ್ ಮಾಡಿ ಎರಡು ರಕ್ತನಾಳ ಸೇರಿಸಿದ್ದರು. ಅಲ್ಲಿ ಬೆರಳಿಟ್ಟರೆ ಗುಯ್ ಎನ್ನುತ್ತಿತ್ತು, ಡಬ್ಬಿಯೊಳಗೆ ಜೇನುಹುಳ ಕೂಡಿಹಾಕಿದ ಹಾಗೆ. ಕೈಯನ್ನು ತಲೆಯಡಿ ಇಟ್ಟು ಮಲಗಿದರೆ ಕಿವಿಗೆ ಅದೇ. "ನನ್ ರಕ್ತ ಓಡಾಡೋದು ನಂಗೇ ಕೇಳುಸ್ತದೆ ಕಣಕ್ಕ. ನಿಂತೋದ್ರೂ ನಂಗೇ ಮೊದ್ಲು ಕೇಳುಸ್ತದೆ" ಎಂದಿದ್ದಳು ಒಮ್ಮೆ. ಅವತ್ತಿನಿಂದ ಮನೆಯಲ್ಲೂ ಕಿವಿಗೆ ವೈರು ಸಿಕ್ಕಿಸಿಕೊಂಡೇ ಮಲಗತೊಡಗಿದಳು.

ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ವಾರ್ಡಿನಲ್ಲಿ ತಂಗಿಯ ಕೈ ಕಟ್ಟಿಹಾಕಿದಂತೆ ಇರುತ್ತಿದ್ದುದರಿಂದ ಸೆಲ್ಲು ಬದಲಾಯಿಸುವುದು, ಹಾಡು ಮುಂದಕ್ಕೆ ಹಾಕುವುದು ಅವ್ವನ ಪಾಲಿಗೆ ಬಂತು. ತಂಗಿ ಬೆರಳು ಹಿಡಿದು ಕಲಿಸಿದಳು: ದುಂಡಗಿರುವುದನ್ನು ಗಟ್ಟಿಯಾಗಿ ಒತ್ತಿ ಹಿಡಿದರೆ ಶುರು, ಪಕ್ಕದ್ದು ಮುಂದಿನ ಹಾಡಿಗೆ. ಸದ್ದು ಹೆಚ್ಚಿಸುವುದು ಮಾತ್ರ ಕೊನೆಯವರೆಗೂ ಅವ್ವನಿಗೆ ಬರಲಿಲ್ಲ, ಎರಡು ಗುಂಡಿ ಒಟ್ಟಿಗೆ ಒತ್ತಬೇಕಿತ್ತು. ಸೆರಗಿನ ಗಂಟಿನಲ್ಲಿ ಎಲೆ ಅಡಿಕೆಯ ಜೊತೆ ಯಾವಾಗಲೂ ಒಂದು ಹೊಸ ಸೆಲ್ಲು ಇರುತ್ತಿತ್ತು.

ಈಗ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಸಾವಿನ ಮನೆಯಲ್ಲಿ ನಮ್ಮ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಸತ್ತವರನ್ನು ಹೆಸರು ಹಿಡಿದು ಕರೆದು, ಅವರು ಉಂಡದ್ದು, ಉಟ್ಟದ್ದು, ಪಟ್ಟ ಕಷ್ಟ, ಕಾಣದೆ ಹೋದ ಸುಖ, ಎಲ್ಲವನ್ನೂ ಒಂದು ರಾಗದಲ್ಲಿ ಎಳೆದು ಎಳೆದು ಹೇಳುತ್ತಾರೆ. ಒಬ್ಬಳ ಕುತ್ತಿಗೆ ಇನ್ನೊಬ್ಬಳು ತಬ್ಬಿಕೊಂಡು ಮುಂದಿನ ಸಾಲು ಎತ್ತಿಕೊಳ್ಳುತ್ತಾಳೆ. ಹಾಗೆ ಅತ್ತರೇನೇ ಸತ್ತವರಿಗೆ ಮರ್ಯಾದೆ. ಹೆತ್ತವಳ ಬಾಯಿಂದ ನಾಲ್ಕು ಮಾತು ಬರಲಿಲ್ಲ ಎಂದರೆ ಆ ಮನೆಯ ಬಗ್ಗೆ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ನಮ್ಮ ಸೋದರತ್ತೆ, ಅಪ್ಪನ ತಂಗಿ, ಇದರಲ್ಲಿ ಎತ್ತಿದ ಕೈ. ಕೆ.ಆರ್. ನಗರದ ಕಡೆ ಕೊಟ್ಟಿದ್ದರು. ಅವರು ಬಂದರೆ ಅಳು ಬಾರದವರೂ ಅಳುತ್ತಿದ್ದರು. ಅವ್ವನೂ ಕಡಿಮೆಯವಳಲ್ಲ.

ಅಪ್ಪ ಸತ್ತಾಗ ತಂಗಿ ಇನ್ನೂ ಸಣ್ಣವಳು. ಅತ್ತೆ ಮತ್ತು ಅವ್ವ ಸೇರಿ ಅಪ್ಪನ ಬಾಳನ್ನು ಹಾಡಿದ್ದನ್ನು ಕಂಬದ ಹಿಂದೆ ಕೂತು ಕೇಳಿದ್ದಳು. ಹೊಗೆಸೊಪ್ಪಿನ ಗಾಡಿ ಮಗುಚಿದ್ದು, ಕಾಲು ಕೊಳೆತದ್ದು, ಕೊನೆಗೆ ತೊಡೆಯವರೆಗೆ ಕತ್ತರಿಸಿದ್ದು, ಒಂದನ್ನೂ ಬಿಟ್ಟಿರಲಿಲ್ಲ. ಅಪ್ಪ ಅನುಭವಿಸಿ ಮುಗಿಸಿದ್ದನ್ನು ಅವನ ಮುಂದೆಯೇ ಕೂತು ಮತ್ತೆ ಮೊದಲಿಂದ ಅನುಭವಿಸುವ ಹಾಗೆ ಮಾಡಿದರು ಎಂದು ಅವಳಿಗೆ ಅನ್ನಿಸಿತ್ತಂತೆ. ಅದನ್ನು ನನಗೆ ಹೇಳಿದ್ದು ಎಷ್ಟೋ ವರ್ಷ ಆದ ಮೇಲೆ, ಬಸ್ಸಿನಲ್ಲಿ.

ಆ ಸೋದರತ್ತೆ ಕಾಯಿಲೆ ನೋಡಲು ಬಂದರು. ಚೀಲದ ತುಂಬ ಬಾಳೆಹಣ್ಣು. ಬಾಳೆಹಣ್ಣು ಅವಳ ಪಾಲಿಗೆ ವಿಷ ಎಂದು ಡಾಕ್ಟರು ಹೇಳಿದ್ದರು, ಅತ್ತೆಗೆ ಹೇಗೆ ಗೊತ್ತಿರಬೇಕು? ತಂಗಿ ಜಗಲಿಯ ಮೇಲೆ ಒರಗಿ ಕೂತಿದ್ದಳು. ಕಡ್ಡಿಯಾಗಿದ್ದ ತೋಳು, ಸೂಜಿ ಚುಚ್ಚಿ ಗಂಟುಗಂಟಾದ ಮಣಿಕಟ್ಟು. ಅತ್ತೆ ಚೀಲ ಕೆಳಗಿಟ್ಟರು, ಅವಳನ್ನು ನೋಡಿದರು, ಅಲ್ಲೇ ಹೊಸಿಲ ಮುಂದೆ ಕುಸಿದು ಕೂತು ಶುರು ಮಾಡಿಯೇಬಿಟ್ಟರು. ಬೇಕೆಂದು ಮಾಡಿದ್ದಲ್ಲ. ದುಃಖ ಬಂದಾಗ ಅವರ ಬಾಯಿಗೆ ಬರುತ್ತಿದ್ದುದು ಅದೊಂದೇ ರಾಗ. "ಅಸೆ ಏರೋ ಕಾಲಕ್ಕೆ ಇಂಗಾದ್ಯಲ್ಲೋ ನನ್ನವ್ವಾ" ಎಂದು ಎಳೆದರು. ಹಸೆ ಏರುವುದೆಂದರೆ ಮದುವೆ. ತಂಗಿ ವೈರು ಕಿವಿಗೆ ಸಿಕ್ಕಿಸಿಕೊಂಡು ರಸ್ತೆಯ ಕಡೆ ತಿರುಗಿ ಕೂತಳು. ಅವ್ವ ಬಾಯಿ ಮುಚ್ಚಿಸಿ ಒಳಗೆ ಎಳೆದುಕೊಂಡು ಹೋಗುವಷ್ಟರಲ್ಲಿ ಓಣಿಗೆಲ್ಲ ಕೇಳಿಯಾಗಿತ್ತು.

ಅತ್ತೆಯ ರಾಗ ಕೇಳಿದ ಮೇಲೆ ಬಂದು ನೋಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಪಕ್ಕದ ಮನೆಯಾತ ಅಂಗಡಿಯ ಕಾಯಿನ್ ಬೂತಿಗೆ ಹೋಗಿ ಪಿರಿಯಾಪಟ್ಟಣದ ದೊಡ್ಡಪ್ಪನಿಗೆ ಫೋನು ಮಾಡಿ "ಉಡ್ಗಿ ಓಗ್ಬುಡ್ತು" ಎಂದುಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಒಂದು ಟೆಂಪೋ ಓಣಿಯ ಬಾಯಲ್ಲಿ ನಿಂತಿತು. ಅದರಿಂದ ಹೆಂಗಸರು ಇಳಿದರು. ನಮ್ಮಲ್ಲಿ ಸಾವಿನ ಮನೆಗೆ ಬರುವವರು ಓಣಿಯ ಬಾಯಿಂದಲೇ ಎದೆ ಬಡಿದುಕೊಂಡು ಬರಬೇಕು. ಹಾಗೆಯೇ ಬಂದರು. ಅವರ ಮುಂದೆ ದೊಡ್ಡಪ್ಪ, ಎರಡೂ ಕೈಯಲ್ಲಿ ಸುಗಂಧರಾಜದ ದೊಡ್ಡ ಹಾರ.

ತಂಗಿ ಅದೇ ಜಗಲಿಯ ಮೇಲಿದ್ದಳು. ಕಿವಿಯಲ್ಲಿ ಡ್ರಮ್ಮು ಬಡಿಯುತ್ತಿದ್ದುದರಿಂದ ಏನೂ ಕೇಳಿಸಿರಲಿಲ್ಲ. ಅಷ್ಟು ಜನ ಬಾಯಿ ತೆರೆದುಕೊಂಡು ಬರುವುದು ಕಂಡು ಒಂದು ಕಿವಿಯ ವೈರು ತೆಗೆದಳು. ಮುಂದೆ ಬಂದ ದೊಡ್ಡಪ್ಪನನ್ನೇ ಕೇಳಿದಳು:

"ಯಾರು ಸತ್ತೋದ್ರು ದೊಡ್ಡಪ್ಪಾ?"

ದೊಡ್ಡಪ್ಪ ಹಾರವನ್ನು ಬೆನ್ನ ಹಿಂದಕ್ಕೆ ಹಿಡಿದ. ಅಷ್ಟು ದೊಡ್ಡ ಹಾರ, ಎರಡೂ ಕಡೆಯಿಂದ ಕಾಣುತ್ತಿತ್ತು. ಹೆಂಗಸರ ರಾಗ ಒಂದೊಂದಾಗಿ ನಿಂತಿತು. ತಂಗಿ ಹಾರ ನೋಡಿದಳು, ಅವರ ಮುಖಗಳನ್ನು ನೋಡಿದಳು. ಅರ್ಥವಾಯಿತು. "ಇನ್ನೂ ಇಲ್ಲ ಕಣ್ ದೊಡ್ಡಪ್ಪ, ಕೂತ್ಕಳಿ, ನೀರು ಕುಡೀರಿ" ಎಂದಳು. ಅವಳಿಗೆ ದಿನಕ್ಕೆ ಎರಡು ಲೋಟಕ್ಕಿಂತ ಹೆಚ್ಚು ನೀರು ಕೊಡಬಾರದು ಎಂದು ಡಾಕ್ಟರು ಹೇಳಿದ್ದರು. ಅಷ್ಟೂ ಜನ ಅವಳ ಮುಂದೆ ಕೂತು ಚೊಂಬು ಎತ್ತಿ ಗಟಗಟನೆ ಕುಡಿದರು, ಅವ್ವ ಮಾಡಿದ ಮುದ್ದೆ ಸಾರು ಉಂಡರು. ಹಾರವನ್ನು ಬದುಕಿರುವವರ ಮನೆಯೊಳಗೆ ತರುವಂತಿಲ್ಲ, ವಾಪಸ್ಸು ಒಯ್ಯುವಂತೆಯೂ ಇಲ್ಲ. ದೊಡ್ಡಪ್ಪ ಹೋಗಿ ಲಕ್ಷ್ಮಣತೀರ್ಥಕ್ಕೆ ಬಿಟ್ಟು ಬಂದ. ಆಮೇಲೆ ಈ ಕಥೆ ಹೇಳಿ ಊರವರು ನಕ್ಕರು.

ಅವರೆಲ್ಲ ಹೋದ ಮೇಲೆ, ಒಲೆಯ ಮುಂದೆ, ತಂಗಿ ಅವ್ವನ ಹತ್ತಿರ ಮಾತು ತೆಗೆದಳು.

"ಅವ್ವ, ನಾನು ಸತ್ತಾಗ ನೀನು ಅಂಗೆ ಆಡ್ಕಂಡು ಅಳ್ಬ್ಯಾಡ."

"ಬುಡ್ತು ಅನ್ನು ಮೊದ್ಲು."

"ಬುಡ್ತು. ಅಳ್ಬ್ಯಾಡ ಅಷ್ಟೇಯ."

"ಎತ್ತೋಳು ಅಳ್ದೆ ಕೂತ್ರೆ ಜನ ಏನಂದಾರು ಮಗ?"

"ಏನಾರ ಅನ್ಲಿ. ನಂಗೆ ಕೇಳುಸ್ತದೆ ಕಣವ್ವ. ಅಪ್ಪನ್ದು ಯೋಳ್ದಂಗೆ ನಂದೂ ಎಲ್ಲಾ ಯೋಳ್ತೀಯ. ಸೂಜಿ, ಬಸ್ಸು, ನೀರು, ಎಲ್ಲಾ. ಒಂದ್ಸಲ ಪಟ್ಟಿದ್ದು ಸಾಕು. ಇನ್ನೊಂದ್ಸಲ ಕೂತು ಕೇಳಕ್ಕೆ ನನ್ ಕೈಲಾಗಾಕಿಲ್ಲ."

ಅವ್ವ ಊದುಗೊಳವೆ ಹಿಡಿದು ಕೂತೇ ಇದ್ದಳು. ಒಲೆ ಆರಿಹೋಗಿತ್ತು.

"ಅಳ್ಲೇಬೇಕು ಅಂದ್ರೆ ನಂಗೆ ಕೇಳ್ದಂಗೆ ಅತ್ಕೋ" ಎಂದಳು ತಂಗಿ.

"ಆಯ್ತು ಬುಡು" ಎಂದಳು ಅವ್ವ.

ಆ ಮಾತನ್ನು ಅವ್ವ ಅಂದಿನಿಂದಲೇ ನಡೆಸಿದಳು. ಅಳು ಬಂದರೆ ಹಿತ್ತಿಲ ಆಚೆಯ ಹೊಗೆಸೊಪ್ಪಿನ ಬ್ಯಾರನ್ನಿಗೆ, ಅಂದರೆ ಬೆಂಕಿಯ ಕಾವಿನಲ್ಲಿ ಸೊಪ್ಪು ಹದ ಮಾಡುವ ಕೋಣೆಗೆ, ಹೋಗುತ್ತಿದ್ದಳು. ಸೊಪ್ಪು ಬೇಯಿಸುವ ಕಾಲ ಮುಗಿದ ಮೇಲೆ ಅದು ಖಾಲಿ, ಗೋಡೆಯೋ ಮೊಳದಪ್ಪ. ಬಾಗಿಲು ಹಾಕಿಕೊಂಡು ಎಷ್ಟು ಕೂಗಿದರೂ ಹೊರಗೆ ಬರುವುದಿಲ್ಲ. ಮುಖ ತೊಳೆದುಕೊಂಡು ಬಂದು ಹೊಗೆ ಕಣ್ಣಿಗೆ ಹೋಯಿತು ಎನ್ನುತ್ತಿದ್ದಳು. ಬೆಂಕಿಯೇ ಇಲ್ಲದ ಬ್ಯಾರನ್ನಿನಲ್ಲಿ ಎಲ್ಲಿಯ ಹೊಗೆ ಎಂದು ತಂಗಿಯೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಮುಂದಿನ ಬೇಸಿಗೆಗೆ ಹೃದಯ ಸೋತಿದೆ ಎಂದರು. ಮೆಷೀನಿಗೆ ಹಾಕಿದರೆ ಅಲ್ಲೇ ಹೋಗಬಹುದು, ಮನೆಗೆ ಕರೆದುಕೊಂಡು ಹೋಗಿ ಎಂದರು. ಕೊನೆಯ ಎರಡು ದಿನ ಕೇಳಿದಷ್ಟು ನೀರು ಕೊಟ್ಟೆವು. ಅಷ್ಟು ದಿನ ಒದ್ದೆ ಬಟ್ಟೆ ಚೀಪಿಕೊಂಡು ಇದ್ದವಳು, ಚೊಂಬು ಮುಂದಿಟ್ಟರೆ ಎರಡು ಗುಟುಕು ಕುಡಿದು ಸಾಕು ಎಂದಳು. ನನಗೆ ದೇವರ ಮೇಲೆ ಬಂದ ಸಿಟ್ಟು ಅವತ್ತಿನದು, ಇನ್ನೂ ಇಳಿದಿಲ್ಲ. ಒಂದು ಬೆಳಿಗ್ಗೆ, ಬಿಸಿಲು ಜಗಲಿಗೆ ಬಂದ ಹೊತ್ತಿನಲ್ಲಿ, ಅವ್ವನ ತೊಡೆಯ ಮೇಲೆ ತಲೆ ಇಟ್ಟುಕೊಂಡು ಹೋದಳು. ನಾನು ಅವಳ ಮಣಿಕಟ್ಟಿನ ಮೇಲೆ ಬೆರಳಿಟ್ಟು ನೋಡಿದೆ. ಗುಯ್ ಎನ್ನುವುದು ನಿಂತಿತ್ತು.

ನಮ್ಮ ಕಡೆ ಹೆಣವನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಬಾಯಿ ತೆರೆಯದಂತೆ ಗಲ್ಲದಿಂದ ನೆತ್ತಿಗೆ ಬಟ್ಟೆ ಕಟ್ಟಿದರು. ಹೆಂಗಸರು ಬಂದರು, ಒಬ್ಬರಿಗೊಬ್ಬರು ಆತುಕೊಂಡು ಅತ್ತರು. ಅವ್ವ ಮಗಳ ಪಕ್ಕದಲ್ಲಿ ತುಟಿ ಕಚ್ಚಿಕೊಂಡು ಕೂತಿದ್ದಳು, ಬಾಯಿ ಬಿಡಲಿಲ್ಲ. ಹಿಂದೆ ಗುಸುಗುಸು ಶುರುವಾಯಿತು. ಹೊತ್ತು ನೆತ್ತಿಗೆ ಬರುವಾಗ ಸೋದರತ್ತೆ ಬಂದರು. ಅವ್ವನ ಕುತ್ತಿಗೆ ತಬ್ಬಿಕೊಂಡು "ಅತ್ಬುಡು ಅತ್ಗೆ, ಎದೆ ಒಡ್ಕಂಡೀಯ, ಅತ್ಬುಡು" ಎಂದರು. ಇನ್ನೊಂದು ಗಳಿಗೆ ಹಾಗೇ ಕೂತಿದ್ದರೆ ಅವ್ವನೂ ಹೋಗುತ್ತಾಳೆ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಆಗ ಅವ್ವ ಎದ್ದಳು. ಒಳಗೆ ಹೋಗಿ ದಿಂಬಿನಡಿಯಿಂದ ಕಿವಿ ರೇಡಿಯೋ ತಂದಳು. ಸೆರಗಿನ ಗಂಟು ಬಿಚ್ಚಿ ಹೊಸ ಸೆಲ್ಲು ಹಾಕಿದಳು. ಕಿವಿಗೆ ಇಡುವ ಎರಡು ತುದಿಗಳನ್ನೂ ಸೆರಗಿನಿಂದ ಒರೆಸಿ, ಬಟ್ಟೆಯ ಕಟ್ಟನ್ನು ಸ್ವಲ್ಪ ಸಡಿಲಿಸಿ, ಒಂದನ್ನು ಎಡಗಿವಿಗೆ, ಒಂದನ್ನು ಬಲಗಿವಿಗೆ ಇಟ್ಟಳು. ದುಂಡಗಿನ ಗುಂಡಿ ಒತ್ತಿ ಹಿಡಿದಳು. ತನ್ನ ಕಿವಿಯನ್ನು ಮಗಳ ಕೆನ್ನೆಗೆ ತಂದು, ಹಾಡು ಬರುತ್ತಿದೆಯೇ ಎಂದು ಆಲಿಸಿದಳು. ಆಮೇಲೆ ನನ್ನನ್ನು ಕರೆದಳು.

"ಸೌಂಡು ಜೋರು ಮಾಡು ಮಗ."

ನಾನು ಎರಡು ಗುಂಡಿ ಒಟ್ಟಿಗೆ ಒತ್ತಿ ಕೊನೆಯವರೆಗೂ ಏರಿಸಿದೆ. ಸುತ್ತ ಇದ್ದವರಿಗೆ ಏನೂ ಅರ್ಥವಾಗಲಿಲ್ಲ. ಅವ್ವ ಮಗಳ ಎದುರಿಗೆ ಕಾಲು ಮಡಿಸಿ ಕೂತಳು, ಬಾಯಿ ತೆರೆದಳು.

ಅಂಥ ಅಳುವನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಕಿಟಕಿ ಸೀಟು ಕೇಳ್ತಿದ್ದೆಯಲ್ಲೋ ಕಂದಾ ಎಂದಳು. ಒದ್ದೆ ಬಟ್ಟೆ ಚೀಪಿ ಬೇಸಿಗೆ ಕಳೆದೆಯಲ್ಲೋ ಎಂದಳು. ಅತ್ತೆ ಮನೆ ಅಂತ ಆಸ್ಪತ್ರೆಗೆ ತಲೆ ಬಾಚ್ಕಂಡು ಓಗ್ತಿದ್ದೆಯಲ್ಲೋ ಎಂದಳು. ಸೋದರತ್ತೆಗೂ ಮುಂದಿನ ಸಾಲು ಎತ್ತಿಕೊಳ್ಳಲು ಆಗಲಿಲ್ಲ, ಬರೀ ಅತ್ತರು. ತಂಗಿ ಬೇಡ ಎಂದಿದ್ದೆಲ್ಲವನ್ನೂ ಅವ್ವ ಹೇಳಿದಳು, ಒಂದನ್ನೂ ಬಿಡದೆ. ನಡುನಡುವೆ ಮುಂದಕ್ಕೆ ಬಾಗಿ, ಕೆನ್ನೆಗೆ ಕಿವಿ ಇಟ್ಟು, ಹಾಡು ನಡೆಯುತ್ತಿದೆ ಎಂದು ಗೊತ್ತು ಮಾಡಿಕೊಂಡು ಮತ್ತೆ ಶುರು ಮಾಡುತ್ತಿದ್ದಳು.

ಬಿಸಿಲು ಇಳಿದ ಮೇಲೆ ಹೆಣ ಎತ್ತುವ ಹೊತ್ತಾಯಿತು. ಎತ್ತುವ ಮೊದಲು ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು. ದೊಡ್ಡಪ್ಪ ಮೂಗುಬೊಟ್ಟು ಬಿಚ್ಚಿದ, ಕಾಲುಚೈನು ಬಿಚ್ಚಿದ. ಕಿವಿಯ ಓಲೆಗೆ ಕೈ ಹಾಕಿದಾಗ ವೈರು ಸಿಕ್ಕಿತು.

"ದೊಡ್ಡಪ್ಪ, ಅದೊಂದು ಬುಡಿ" ಎಂದೆ ನಾನು. ಎಂದೂ ಅವನ ಕೈ ಹಿಡಿದವಳಲ್ಲ, ಅವತ್ತು ಹಿಡಿದೆ.

"ಸತ್ತೋಳ್ಗೆ ಆಡು ಯಾಕವ್ವ? ಕೇಳುಸ್ತದಾ?" ಎಂದ ದೊಡ್ಡಪ್ಪ. ಬೈದು ಹೇಳಿದ್ದಲ್ಲ, ಅವನ ಕಣ್ಣಲ್ಲೂ ನೀರಿತ್ತು. ಒಂದೊಂದೇ ಕಿವಿಯಿಂದ ಮೆಲ್ಲಗೆ ಬಿಡಿಸಿ, ವೈರು ಸುತ್ತಿ ನನ್ನ ಕೈಯಲ್ಲಿ ಇಟ್ಟ.

ಅವ್ವ "ಸೂಜಿ ಚುಚ್ಚುವಾಗ ನನ್ ಕೈಯ" ಎಂದು ಒಂದು ಸಾಲು ಎತ್ತಿದ್ದಳು. ನನ್ನ ಕೈಯಲ್ಲಿದ್ದುದನ್ನು ನೋಡಿದಳು. ಅಲ್ಲಿಗೇ ನಿಲ್ಲಿಸಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಇನ್ನೂ ಅಳುತ್ತಿದ್ದ ಹೆಂಗಸರ ಕಡೆ ತಿರುಗಿ ಕೈ ಆಡಿಸಿದಳು.

"ಸುಮ್ಕಿರಿ ಕಣ್ರವ್ವ, ಎಲ್ಲಾ ಸುಮ್ಕಿರಿ. ಕೇಳುಸ್ತದೆ ಅವಳ್ಗೆ."

ಒಬ್ಬೊಬ್ಬರಾಗಿ ಬಾಯಿ ಮುಚ್ಚಿದರು, ಕೊನೆಗೆ ಸೋದರತ್ತೆಯೂ. ಎತ್ತಿದವರ ಕಾಲಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲದೆ ತಂಗಿ ಅಂಗಳ ದಾಟಿದಳು. ಅವರು ಓಣಿ ಮುಗಿಸಿ ನಮ್ಮ ಹೊಲದ ಕಡೆ ತಿರುಗಿ ಕಣ್ಣಿಗೆ ಕಾಣದಂತಾದರೂ ಅವ್ವ ಬಾಯಿಂದ ಸೆರಗು ತೆಗೆಯಲಿಲ್ಲ.